ನಕಲು ಪ್ರಾಜೆಕ್ಟಿಗೆ ಅಂಕ ಸಿಗಬಹುದು, ಅರಿವು?

ಪದವಿಯ ಕೊನೆಯ ಸೆಮಿಸ್ಟರಿನಲ್ಲಿದ್ದ ಸಮಾಜಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಕಳೆದ ವರ್ಷ ತನ್ನ ಪ್ರಾಜೆಕ್ಟ್ ವರದಿಯನ್ನು ಓದಿ ನೋಡಲೆಂದು ನನ್ನ ಕೈಗಿತ್ತಳು. ಬೀಡಿ ಕಾರ್ಮಿಕ ಮಹಿಳೆಯರ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಗತಿ ಎಂಬುದು ಅದರ ವಿಷಯ. ಅಚ್ಚುಕಟ್ಟಾದ ಬೈಂಡಿಂಗ್, ಬಣ್ಣದ ಕೋಷ್ಟಕಗಳು, ಕೊನೆಯಲ್ಲಿ ಹತ್ತು ಸಲಹೆಗಳು. ಆದರೆ ಅದರೊಳಗಿದ್ದ ಅಂಕಿ ಅಂಶಗಳೆಲ್ಲವೂ ತಮಿಳುನಾಡಿನ ಒಂದು ಜಿಲ್ಲೆಗೆ ಸೇರಿದವು. ಅವಳು ಆ ಜಿಲ್ಲೆಯನ್ನು ಕಂಡವಳಲ್ಲ. ನಾವು ಮಾತನಾಡುತ್ತಿದ್ದ ಅದೇ ಕೋಣೆಯ ಮೂಲೆಯಲ್ಲಿ ಅವಳ ಉಮ್ಮ ಮಡಿಲಲ್ಲಿ ಮೊರವನ್ನಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು.

ಸಾವಿರ ಬೀಡಿಗೆ ಸಿಗುವ ಮಜೂರಿ ಎಷ್ಟು? ಕೊಟ್ಟ ಎಲೆ ಸಾಲದೇ ಹೋದರೆ ಹೆಚ್ಚಿನ ಎಲೆಯ ಹಣವನ್ನು ಯಾರು ತೆರುತ್ತಾರೆ? ಕಳಪೆಯೆಂದು ಬದಿಗೆ ಸರಿಸಿದ ಬೀಡಿಗಳ ಲೆಕ್ಕವೇನು? ಭವಿಷ್ಯ ನಿಧಿಯ ಖಾತೆ ಇದೆಯೇ? ಈ ಯಾವ ಪ್ರಶ್ನೆಗೂ ಮಗಳಲ್ಲಿ ಉತ್ತರವಿರಲಿಲ್ಲ. ತಾಯಿಯಲ್ಲಿ ಎಲ್ಲಕ್ಕೂ ಉತ್ತರವಿತ್ತು. ಮಗಳ ಕಾಲೇಜು ಶುಲ್ಕವೂ ಆ ಮೊರದಿಂದಲೇ ಬಂದಿತ್ತು. ಆದರೆ ಮೂರು ವರ್ಷಗಳ ಪದವಿ ಶಿಕ್ಷಣದಲ್ಲಿ ಆಕೆ ತಾಯಿಯ ಬಳಿ ಕುಳಿತು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಕೇಳಬೇಕೆಂದು ಯಾರೂ ಅವಳಿಗೆ ಹೇಳಿಯೂ ಇರಲಿಲ್ಲ.

ಇದು ಆ ಹುಡುಗಿಯೊಬ್ಬಳ ತಪ್ಪಲ್ಲ. ನಮ್ಮ ಪಟ್ಟಣಗಳ ಕಾಲೇಜುಗಳ ಎದುರಿಗಿರುವ ಝೆರಾಕ್ಸ್ ಅಂಗಡಿಗಳಿಗೆ ಭೇಟಿ ಕೊಟ್ಟರೆ ಇಡೀ ವ್ಯವಸ್ಥೆಯ ಚಿತ್ರ ಸಿಗುತ್ತದೆ. ವಾಣಿಜ್ಯಕ್ಕೆ ಗ್ರಾಹಕರ ತೃಪ್ತಿ, ಅರ್ಥಶಾಸ್ತ್ರಕ್ಕೆ ಸ್ವಸಹಾಯ ಗುಂಪುಗಳು, ಸಮಾಜಶಾಸ್ತ್ರಕ್ಕೆ ಮಹಿಳಾ ಸಬಲೀಕರಣ, ವಿಜ್ಞಾನಕ್ಕೆ ಜಲಮಾಲಿನ್ಯ, ಇತಿಹಾಸಕ್ಕೆ ಸ್ವಾತಂತ್ರ್ಯ ಹೋರಾಟ. ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಬದಲಾಯಿಸಿದರೆ ಪ್ರಾಜೆಕ್ಟ್ ಸಿದ್ಧ. ಈಗಂತೂ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಅಂಗಡಿಗೆ ಹೋಗುವ ಶ್ರಮವನ್ನೂ ತಪ್ಪಿಸಿವೆ. ವಿಷಯಗಳು ಕೆಟ್ಟವಲ್ಲ. ಆದರೆ ಜಲಮಾಲಿನ್ಯದ ಬಗ್ಗೆ ಬರೆಯುವವನು ತನ್ನ ಮೊಹಲ್ಲಾದ ಬಾವಿಯ ಒಂದು ಲೋಟ ನೀರನ್ನಾದರೂ ಪರೀಕ್ಷಿಸಿರಬೇಡವೇ?

ಇದನ್ನು ಕೇವಲ ಶೈಕ್ಷಣಿಕ ಲೋಪವೆಂದು ಬಿಟ್ಟುಬಿಡುವಂತಿಲ್ಲ. ಪ್ರವಾದಿವರ್ಯರು(ಸ) ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ತೇವವಿತ್ತು. ಮೇಲೆ ಮಾತ್ರ ಒಣಗಿದ ಧಾನ್ಯ. ಮೋಸ ಮಾಡುವವನು ತನ್ನವನಲ್ಲವೆಂದು ಅವರು ಅಂದು ಎಚ್ಚರಿಸಿದರು. ಇನ್ನೊಬ್ಬರ ಬರಹಕ್ಕೆ ತನ್ನ ಹೆಸರಿನ ಹೊದಿಕೆ ಹಾಕಿ, ಇದು ನನ್ನ ಸ್ವಂತ ಅಧ್ಯಯನವೆಂದು ಸಹಿ ಮಾಡುವುದು ಇದಕ್ಕಿಂತ ಭಿನ್ನವೇ? ವ್ಯಾಪಾರದಲ್ಲಿನ ಮೋಸವನ್ನು ಹರಾಮೆಂದು ತಿಳಿದಿರುವ ಹೆತ್ತವರು ವಿದ್ಯೆಯಲ್ಲಿನ ಮೋಸಕ್ಕೆ ತಾವೇ ಹಣ ಕೊಡುತ್ತಿರುವುದು ವಿಪರ್ಯಾಸ.

ನಮ್ಮ ಪರಂಪರೆ ಇದಕ್ಕೆ ತದ್ವಿರುದ್ಧವಾದುದು. ಸಹಾಬಿ ಜಾಬಿರ್ ಬಿನ್ ಅಬ್ದುಲ್ಲಾ(ರ) ಒಂದೇ ಒಂದು ಹದೀಸನ್ನು ಅದನ್ನು ಕೇಳಿದವರ ಬಾಯಿಯಿಂದಲೇ ತಿಳಿಯಲು ಒಂದು ತಿಂಗಳ ಪ್ರಯಾಣ ಮಾಡಿದರು. ಇಬ್ನುಲ್ ಹೈತಮ್ ಬೆಳಕಿನ ಕುರಿತು ಪ್ರಾಚೀನರ ಮಾತನ್ನು ಹಾಗೆಯೇ ಒಪ್ಪಿಕೊಳ್ಳದೆ ಪ್ರಯೋಗಕ್ಕೆ ಒಡ್ಡಿದರು. ಅಲ್ ಬಿರೂನಿ ಭಾರತದ ಬಗ್ಗೆ ಬರೆಯುವ ಮೊದಲು ಸಂಸ್ಕೃತ ಕಲಿತರು. ನಮ್ಮ ವೇದಿಕೆಗಳಲ್ಲಿ ಇವರ ಹೆಸರುಗಳು ಬಹಳ ಹೆಮ್ಮೆಯಿಂದ ಮೊಳಗುತ್ತವೆ. ಆದರೆ ಹೆಮ್ಮೆಪಡುವುದು ಸುಲಭ. ಅವರಂತೆ ಒಂದು ದಿನ ಬಿಸಿಲಲ್ಲಿ ನಡೆದು ನಾಲ್ಕು ಮನೆಗಳ ಮಾಹಿತಿ ಸಂಗ್ರಹಿಸುವುದು ಕಷ್ಟ.

ಇದರಿಂದ ಸಮುದಾಯಕ್ಕಾಗುವ ನಷ್ಟವೇನು? 2005ರಲ್ಲಿ ನೇಮಕಗೊಂಡ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರ ನವೆಂಬರಿನಲ್ಲಿ ವರದಿ ಸಲ್ಲಿಸಿತು. ಮುಸ್ಲಿಮ್ ಮಕ್ಕಳೆಲ್ಲ ಮದ್ರಸಗಳಲ್ಲೇ ಇದ್ದಾರೆಂಬುದು ಅಲ್ಲಿಯ ತನಕ ಪ್ರಚಲಿತವಿದ್ದ ಮಾತು. ಅಂಥವರು ಶೇ. 3ರಿಂದ 4ರಷ್ಟು ಮಾತ್ರ ಎಂದು ಸಮಿತಿ ಲೆಕ್ಕ ಹಾಕಿ ತೋರಿಸಿತು. ದಶಕಗಳ ಕಾಲದ ಭಾಷಣಗಳು ಮಾಡಲಾಗದ್ದನ್ನು ಒಂದು ಎಣಿಕೆ ಮಾಡಿತು. ಆದರೆ ಆ ಎಣಿಕೆ ನಮ್ಮಿಂದ ಆದುದಲ್ಲ. ಸರಕಾರವೊಂದು ಮನಸ್ಸು ಮಾಡಿದ್ದರಿಂದ ಆದುದು. ತನ್ನ ಸ್ಥಿತಿಯನ್ನು ತಾನೇ ಅಳೆಯಲಾರದ ಸಮುದಾಯವು ಸದಾ ಇತರರ ಅಳತೆಗೋಲಿಗೆ ತಲೆಬಾಗಬೇಕಾಗುತ್ತದೆ. 2020-21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಂತೆ ಉನ್ನತ ಶಿಕ್ಷಣದಲ್ಲಿದ್ದ ಮುಸ್ಲಿಮ್ ವಿದ್ಯಾರ್ಥಿಗಳ ಪಾಲು ಶೇ. 4.6. 2011ರ ಜನಗಣತಿಯಂತೆ ಜನಸಂಖ್ಯೆಯಲ್ಲಿ ನಮ್ಮ ಪಾಲು ಶೇ. 14.2. ಕಾಲೇಜಿನ ಮೆಟ್ಟಿಲೇರಿದವರೇ ಇಷ್ಟು ಕಡಿಮೆ ಇರುವಾಗ, ಏರಿದವರೂ ನಕಲು ಮಾಡಿ ಹೊರಬಂದರೆ ಸಮುದಾಯವನ್ನು ಅಧ್ಯಯನ ಮಾಡುವವರು ಯಾರು?

ವಿಷಯಗಳಿಗೇನೂ ಬರವಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿ ತನ್ನ ಜಮಾಅತಿನ 30 ಮದುವೆಗಳ ಖರ್ಚನ್ನು, ಅದಕ್ಕಾಗಿ ಮಾಡಿದ ಬಡ್ಡಿಸಾಲವನ್ನು ಅಧ್ಯಯನ ಮಾಡಬಹುದು. ವಾಣಿಜ್ಯದ ವಿದ್ಯಾರ್ಥಿಗೆ ವಕ್ಫ್ ಮಳಿಗೆಗಳ ಬಾಡಿಗೆಗೂ ಪಕ್ಕದ ಖಾಸಗಿ ಮಳಿಗೆಗಳ ಬಾಡಿಗೆಗೂ ಇರುವ ಅಂತರವೇ ಒಂದು ಉತ್ತಮ ಪ್ರಾಜೆಕ್ಟ್. ಕಾನೂನಿನ ವಿದ್ಯಾರ್ಥಿಗೆ 1995ರ ವಕ್ಫ್ ಕಾಯ್ದೆ, 2013 ಮತ್ತು 2025ರ ತಿದ್ದುಪಡಿಗಳಿವೆ. ತನ್ನೂರಿನ ಖಬರಸ್ತಾನದ ದಾಖಲೆಗಳು ಸರಿಯಿವೆಯೇ ಎಂದು ಹುಡುಕಿದರೆ ಅಂಕದ ಜೊತೆಗೆ ಊರಿಗೂ ಉಪಕಾರವಾದೀತು. ಬೀದರಿನ ಇತಿಹಾಸ ವಿದ್ಯಾರ್ಥಿಗೆ 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದ್ರಸವೂ ನೆಲದಡಿಯ ಕರೇಜ್ ನೀರಿನ ವ್ಯವಸ್ಥೆಯೂ ನಡೆದುಹೋಗುವಷ್ಟು ದೂರದಲ್ಲಿವೆ. ಭಾಷಾ ವಿದ್ಯಾರ್ಥಿಗೆ ಭಟ್ಕಳದ ನವಾಯತಿ ಇದೆ, ದಖ್ಖನಿ ಇದೆ. 2007ರಲ್ಲಿ ಸರಕಾರವು ಅಕಾಡೆಮಿ ಸ್ಥಾಪಿಸಿದ ಬ್ಯಾರಿ ಭಾಷೆ ಇದೆ. ಅಜ್ಜಿಯಂದಿರೊಂದಿಗೆ ಮಣ್ಣಾಗುತ್ತಿರುವ ಪದಗಳನ್ನು ಬರೆದಿಡುವುದಕ್ಕಿಂತ ಮಿಗಿಲಾದ ಸಂಶೋಧನೆ ಬೇಕೇ?

ಮದುವೆಯ ದುಂದುವೆಚ್ಚ, ವರದಕ್ಷಿಣೆ, ತಲಾಕ್ ಮುಂತಾದವುಗಳನ್ನು ಅಧ್ಯಯನ ಮಾಡಿದರೆ ನಮ್ಮ ಹುಳುಕನ್ನು ನಾವೇ ಜಗಜ್ಜಾಹೀರು ಮಾಡಿದಂತಾಗದೇ ಎಂದು ಕೆಲವರು ಕೇಳಬಹುದು. ಈ ಆತಂಕವನ್ನು ತಳ್ಳಿಹಾಕುವಂತಿಲ್ಲ. ನಮ್ಮ ದೌರ್ಬಲ್ಯಗಳನ್ನು ಹುಡುಕುತ್ತಿರುವ ಮಾಧ್ಯಮಗಳು ಇಂದು ಧಾರಾಳವಾಗಿವೆ. ಆದರೆ ರೋಗವನ್ನು ಬಚ್ಚಿಟ್ಟು ಗುಣವಾದವರಿಲ್ಲ. ನಾವು ಲೆಕ್ಕ ಹೇಳದಿದ್ದರೆ ಟಿ.ವಿ. ಚರ್ಚೆಗಳು ತಮಗೆ ತೋಚಿದ ಲೆಕ್ಕ ಹೇಳುತ್ತವೆ. ಹೆಸರುಗಳನ್ನು ಗುಟ್ಟಾಗಿಟ್ಟು, ವ್ಯಕ್ತಿಯ ಮಾನ ಕಾಪಾಡಿ ಅಧ್ಯಯನ ಮಾಡುವುದು ಸಾಧ್ಯ ಮಾತ್ರವಲ್ಲ, ಕಡ್ಡಾಯ ಕೂಡಾ.

ಅಧ್ಯಾಪಕರ ಮೇಲೆ ಹತ್ತಾರು ವಿದ್ಯಾರ್ಥಿಗಳ ಭಾರವಿದೆ ನಿಜ. ಹೆಣ್ಮಕ್ಕಳನ್ನು ಕ್ಷೇತ್ರಕಾರ್ಯಕ್ಕೆ ಕಳುಹಿಸಲು ಹೆತ್ತವರು ಹಿಂಜರಿಯುವುದೂ ನಿಜ. ಆದರೆ ಬೀಡಿ ಕಟ್ಟುವ ಮನೆಯೊಳಗೆ, ವಿಧವೆಯ ಅಡುಗೆಕೋಣೆಯೊಳಗೆ ಸಲೀಸಾಗಿ ಪ್ರವೇಶವಿರುವುದು ಆ ಹೆಣ್ಮಕ್ಕಳಿಗೇ ಹೊರತು ಯಾವುದೇ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಿಗಲ್ಲ.

ಜಮಾಅತ್ ಕಮಿಟಿಗಳು ಪ್ರತಿವರ್ಷ ಹೆಚ್ಚು ಅಂಕ ಗಳಿಸಿದವರಿಗೆ ಸ್ಮರಣಿಕೆ ಕೊಡುತ್ತವೆ. ಅದರ ಜೊತೆಗೆ, ಊರಿನ ಬಗ್ಗೆ ಪ್ರಾಮಾಣಿಕವಾಗಿ ಬರೆದ ಒಂದು ಪ್ರಾಜೆಕ್ಟಿಗೂ ಬಹುಮಾನವಿರಲಿ. ಆ ವರದಿಯ ಒಂದು ಪ್ರತಿ ಮಸೀದಿಯ ಕಪಾಟಿನಲ್ಲಿರಲಿ. ಹತ್ತು ವರ್ಷಗಳಲ್ಲಿ ಪ್ರತಿ ಮೊಹಲ್ಲಾದ ಬಳಿಯೂ ತನ್ನದೇ ಆದ ದಾಖಲೆಯಿರುತ್ತದೆ. ಹೆತ್ತವರು ಎಷ್ಟು ಅಂಕ ಬಂತು ಎಂದು ಕೇಳುವ ಮೊದಲು, ಇದಕ್ಕಾಗಿ ನೀನು ಯಾರ ಜೊತೆ ಮಾತನಾಡಿದೆ ಎಂದು ಕೇಳಲಿ.

ಓದಬೇಕೆಂಬ ಆಜ್ಞೆಯೊಂದಿಗೆ ಅವತೀರ್ಣವಾಗಲು ಆರಂಭಿಸಿದ ಗ್ರಂಥದ ಅನುಯಾಯಿಗಳು ನಾವು. ಆ ವಿದ್ಯಾರ್ಥಿನಿಗೆ ಒಳ್ಳೆಯ ಅಂಕಗಳೇ ಬಂದವು. ಆದರೆ ಅವಳ ಉಮ್ಮನ ಮೊರದಲ್ಲಿದ್ದ ಲೆಕ್ಕವನ್ನು ಇನ್ನೂ ಯಾರೂ ಬರೆದಿಲ್ಲ.