ತಿಂಡಿ ಗಾಡಿಯ ಬಾಗಿಲು ಎತ್ತೋಕೆ ಇಷ್ಟು ಕಷ್ಟ ಯಾಕೆ?

ಟಾಟಾ ಏಸ್ ಮೇಲೆ ತಗಡಿನ ಪೆಟ್ಟಿಗೆ ಕೂರಿಸಿ ಮಂಡಕ್ಕಿ-ಮೆಣಸಿನಕಾಯಿ ಮಾರೋ ಗಾಡಿಗಳನ್ನು ನಮ್ಮ ಹೊನ್ನಾಳಿ ಕಡೆ ನೋಡಿರ್ತೀರಿ. ಪಕ್ಕದ ಬಾಗಿಲನ್ನು ಮೇಲೆತ್ತಿದರೆ ಅದೇ ಮಾಡು. ಎತ್ತೋಕೆ ಒಬ್ಬರು, ಕಬ್ಬಿಣದ ರಾಡು ಕೊಡೋಕೆ ಇನ್ನೊಬ್ಬರು ಬೇಕು. ಒಬ್ಬಳೇ ಹೆಣ್ಣುಮಗಳು ವ್ಯಾಪಾರ ಮಾಡ್ತಿದ್ದರೆ? ಒಂದು ಕೈಲಿ ಬಾಗಿಲು ಹೊತ್ತು, ಇನ್ನೊಂದು ಕೈಲಿ ರಾಡು ಹುಡುಕಬೇಕು. ಜಾರಿದರೆ ನೇರ ತಲೆ ಮೇಲೇ!

ಗಾಡಿ ಕಟ್ಟೋ ವೆಲ್ಡಿಂಗ್ ಶಾಪಿನವರು ಬಣ್ಣ, ಸ್ಟಿಕ್ಕರ್‌ಗೆ ಕೊಡೋ ಗಮನವನ್ನ ಇದಕ್ಕೂ ಕೊಡಬೇಕು ಅಂತ ನನ್ನ ಅಭಿಪ್ರಾಯ. ಕಾರಿನ ಡಿಕ್ಕಿಗಿರೋ ಗ್ಯಾಸ್ ಸ್ಟ್ರಟ್ ಸಾಕು. ಅಮೆರಿಕದಲ್ಲಿ ಪಿಕಪ್ ಮೇಲಿನ ಕ್ಯಾಂಪರ್‌ಗಳ ಸೂರು ಎತ್ತೋಕೂ ಇದನ್ನೇ ಹಾಕ್ಕೊಳ್ತಾರೆ.

ಲೆಕ್ಕ ಸುಲಭ. 30 ಕಿಲೋ ಬಾಗಿಲು ಅಡ್ಡಕ್ಕೆ ಬಂದಾಗ ತುದಿ ಹಿಡಿದ ಕೈಗೆ 15 ಕಿಲೋ ಭಾರ. ಕೀಲಿನಿಂದ ಕಾಲು ಭಾಗ ದೂರದಲ್ಲಿ, 45 ಡಿಗ್ರಿ ಓರೆಯಾಗಿ ಎರಡು ಸ್ಟ್ರಟ್ ಕೊಟ್ಟರೆ ಒಂದೊಂದೂ ಸುಮಾರು 420 ನ್ಯೂಟನ್ ಒತ್ತಬೇಕು. ಈ ಸಂಖ್ಯೆ ಸಾಮಾನ್ಯವಾಗಿ ಸ್ಟ್ರಟ್ ಮೇಲೇ ಇರುತ್ತೆ. ಲೆಕ್ಕ ಹಾಕದೆ ಸಿಕ್ಕಿದ್ದನ್ನು ಹಾಕಿಸಿದರೆ ಒಂದೋ ಬಾಗಿಲು ನಿಲ್ಲಲ್ಲ, ಇಲ್ಲಾ ಮುಚ್ಚೋಕೆ ಜೋತು ಬೀಳಬೇಕು :)

ಬಾಣಲೆ ಪಕ್ಕ ಮಾತ್ರ ಬೇಡ, ಬಿಸಿಗೆ ಸೀಲು ಹಾಳಾಗುತ್ತೆ. ವರ್ಷ ಕಳೆದಂತೆ ಗ್ಯಾಸ್ ಕೂಡ ಇಳಿಯುತ್ತೆ, ಹಾಗಾಗಿ ಹಳೇ ರಾಡನ್ನು ಗುಜರಿಗೆ ಹಾಕಬೇಡಿ.