ಬ್ಯಾಂಕಿನ ಹೆಸರಿನ ನಕಲಿ ಮಿಂಚಂಚೆ: ಬತ್ಹಾದ ನಮ್ಮವರು ಗಮನಿಸಬೇಕಾದದ್ದು

ಬತ್ಹಾ (ರಿಯಾದ್): 'ಇಕಾಮಾ ಮಾಹಿತಿ ನವೀಕರಿಸದ ಕಾರಣ ನಿಮ್ಮ ಎಟಿಎಂ ಕಾರ್ಡ್ ಸ್ಥಗಿತಗೊಂಡಿದೆ, ಕೂಡಲೇ ಈ ಕೊಂಡಿ ಒತ್ತಿರಿ' ಎಂಬ ಧಾಟಿಯ ಸಂದೇಶಗಳು ಸೌದಿಯಲ್ಲಿರುವ ಅನಿವಾಸಿ ಕನ್ನಡಿಗರಿಗೆ ಹೊಸತಲ್ಲ. ಓದುಬರಹ ಬಲ್ಲವರೂ ಇದಕ್ಕೆ ಬಲಿಯಾಗುವುದೇಕೆ? ಆಸೆಯಿಂದಲ್ಲ, ಭಯದಿಂದ ಎನ್ನುವುದು ನಮ್ಮ ಅನಿಸಿಕೆ. ಇಕಾಮಾ ಅವಧಿ ಮುಗಿದರೆ ಇಲ್ಲಿನ ಬ್ಯಾಂಕುಗಳು ಖಾತೆಯನ್ನು ನಿಜವಾಗಿಯೂ ತಡೆಹಿಡಿಯುತ್ತವೆ. ಸಂಬಳವಾದ ವಾರವೇ ಬತ್ಹಾಕ್ಕೆ ಬಂದು ಊರಿಗೆ ಹಣ ಕಳಿಸಬೇಕಾದವರಿಗೆ ಆ ಒಂದು ಸಾಲು ಸಾಕು.

ಊರಿನ ಖಾತೆಯ ಕಥೆಯೂ ಅಷ್ಟೆ. ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ ವಿಲೀನವಾಯಿತು. ಮರುವರ್ಷ ಸಿಂಡಿಕೇಟ್ ಕೆನರಾ ಬ್ಯಾಂಕಿಗೂ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಹೆಸರು, ಐಎಫ್‌ಎಸ್‌ಸಿ ಸಂಖ್ಯೆ ಎಲ್ಲ ಬದಲಾಗಿ ಅಸಲಿ ಸೂಚನೆಗಳೇ ಸಾಲುಸಾಲಾಗಿ ಬಂದವು. ಅಂಥ ಹೊತ್ತಿನಲ್ಲಿ ನಕಲಿಯೊಂದು ನಡುವೆ ನುಸುಳಿದರೆ ಯಾರಿಗೆ ತಾನೆ ಅನುಮಾನ ಬಂದೀತು?

ಕಾಗುಣಿತ ತಪ್ಪಿದ್ದರೆ ನಕಲಿ ಎಂಬ ಹಳೆಯ ಲೆಕ್ಕಾಚಾರ ಈಗ ನಡೆಯದು, ಕಳ್ಳರೂ ಇಂಗ್ಲಿಷ್ ಸುಧಾರಿಸಿಕೊಂಡಿದ್ದಾರೆ! ಕಳುಹಿಸಿದವರ ಹೆಸರು ಯಾರು ಬೇಕಾದರೂ ಬರೆದುಕೊಳ್ಳಬಹುದಾದ ಬೋರ್ಡು. ನೋಡಬೇಕಾದದ್ದು ಕೊಂಡಿಯ ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆಗೆ ಮುಂಚಿನ ಕೊನೆಯ ಭಾಗವನ್ನು. ಬ್ಯಾಂಕಿನ ಹೆಸರು ಮೊದಲಲ್ಲಿದ್ದು ಕೊನೆಯಲ್ಲಿ ಬೇರೇನೋ ಇದ್ದರೆ ಅದು ಬ್ಯಾಂಕಿನ ತಾಣವಲ್ಲ. ಬೀಗದ ಚಿತ್ರವಿದ್ದ ಮಾತ್ರಕ್ಕೂ ನಂಬಬೇಕಿಲ್ಲ, ಅದು ನಕಲಿ ತಾಣಕ್ಕೂ ಸಿಗುತ್ತದೆ. ಭಾರತದ ಬ್ಯಾಂಕುಗಳು 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಬದಲಾಗಲು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿದ್ದು ಈ ಕಾರಣಕ್ಕೇ. ಆದರೂ ಕೊಂಡಿ ಒತ್ತುವ ಬದಲು ವಿಳಾಸವನ್ನು ನಾವೇ ಟೈಪ್ ಮಾಡುವುದು ಕ್ಷೇಮ.

ಹಣ ಹೋದ ಮೇಲೆ? ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಪಾಸ್‌ವರ್ಡ್ ಅಥವಾ ಓಟಿಪಿಯನ್ನು ನಾವೇ ಕೊಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ನಮ್ಮದು, ದೂರಿನ ನಂತರದ್ದು ಬ್ಯಾಂಕಿನದು. ಅಂದರೆ ನಾಚಿಕೆಯಿಂದ ಮುಚ್ಚಿಟ್ಟ ಪ್ರತಿ ಗಂಟೆಗೂ ಬೆಲೆಯಿದೆ. ಮೊದಲು ಬ್ಯಾಂಕಿಗೆ ತಿಳಿಸಿ ಕಾರ್ಡ್ ನಿಲ್ಲಿಸಿ. ಊರಿನ ಖಾತೆಯಾದರೆ ಅಲ್ಲಿರುವ ಮನೆಯವರಿಂದ 1930ಕ್ಕೆ ಕರೆ ಮಾಡಿಸಿ. ಸೌದಿಯಲ್ಲಿ 2007ರ ಸೈಬರ್ ಅಪರಾಧ ಕಾನೂನು ಇಂಥ ವಂಚಕರಿಗೆ ಮೂರು ವರ್ಷದವರೆಗೆ ಜೈಲು, 20 ಲಕ್ಷ ರಿಯಾಲ್‌ವರೆಗೆ ದಂಡ ವಿಧಿಸುತ್ತದೆ. ಆದರೆ ವಂಚಕ ಬೇರೆ ದೇಶದಲ್ಲಿ ಕುಳಿತಿದ್ದರೆ ಕಾನೂನಿನ ಕೈ ಅವನನ್ನು ಮುಟ್ಟುವುದು ಸುಲಭವಲ್ಲ, ಅಷ್ಟರಲ್ಲಿ ಹಣ ನಾಲ್ಕು ಖಾತೆ ದಾಟಿರುತ್ತದೆ.