ಕುಸಿತದ ಹೊಣೆಯನ್ನು ವಿಧಿಗೆ ಹೊರಿಸದಿರೋಣ

2022ರ ಅಕ್ಟೋಬರ್ 30ರ ಸಂಜೆ ಗುಜರಾತಿನ ಮೋರ್ಬಿಯಲ್ಲಿ ಮಚ್ಛು ನದಿಯ ತೂಗುಸೇತುವೆ ಹರಿದುಬಿದ್ದು 135 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಅನೇಕರು ಮಕ್ಕಳು. ದುರಸ್ತಿಗೆಂದು ತಿಂಗಳುಗಟ್ಟಲೆ ಮುಚ್ಚಿದ್ದ ಆ ಸೇತುವೆ ಮತ್ತೆ ತೆರೆದು ನಾಲ್ಕೇ ದಿನಗಳಾಗಿದ್ದವು. ಬಂಧಿತರಾದ ನಿರ್ವಾಹಕರಲ್ಲೊಬ್ಬರು ನ್ಯಾಯಾಲಯದ ಮುಂದೆ, ಇದು ದೇವರ ಇಚ್ಛೆ ಎಂದು ಹೇಳಿಕೊಂಡರೆಂದು ಪತ್ರಿಕೆಗಳು ವರದಿ ಮಾಡಿದವು.

ದೇವರ ಇಚ್ಛೆಯನ್ನು ತನಿಖೆಗೊಳಪಡಿಸಲು ಯಾರಿಗೂ ಸಾಧ್ಯವಿಲ್ಲ. ಕಬ್ಬಿಣವನ್ನು ತನಿಖೆಗೊಳಪಡಿಸಬಹುದು. ರಾಜ್ಯ ಸರಕಾರ ನೇಮಿಸಿದ ವಿಶೇಷ ತನಿಖಾ ತಂಡ ಅದನ್ನೇ ಮಾಡಿತು. ಮುಖ್ಯ ಕೇಬಲ್ಲಿನ 49 ತಂತಿಗಳ ಪೈಕಿ 22 ತಂತಿಗಳು ತುಕ್ಕು ಹಿಡಿದಿದ್ದವು. ದುರಂತಕ್ಕೆ ಮೊದಲೇ ಅವು ತುಂಡಾಗಿದ್ದಿರಬಹುದೆಂದು ತಂಡ ಅಭಿಪ್ರಾಯಪಟ್ಟಿತು. ಹಳೆಯ ತೂಗುಕಂಬಿಗಳಿಗೇ ಹೊಸತನ್ನು ಬೆಸೆಯಲಾಗಿತ್ತು. ಮರದ ಹಲಗೆಗಳ ಬದಲು ಅಲ್ಯೂಮಿನಿಯಂ ಹಾಸು ಹಾಕಿದ್ದರಿಂದ ಸೇತುವೆಯ ತೂಕ ಹೆಚ್ಚಿತ್ತು. ತೆರೆಯುವ ಮುನ್ನ ಭಾರ ಪರೀಕ್ಷೆ ನಡೆದಿರಲಿಲ್ಲ. ಜನರ ಕಣ್ಣಿಗೆ ಬೀಳುವ ಹಾಸು ಹೊಸದಾಯಿತು, ಜನರನ್ನು ಹೊರುವ ಕೇಬಲ್ಲು ಹಳೆಯದೇ ಉಳಿಯಿತು. ಇದರಲ್ಲಿ ವಿಧಿಯ ಪಾತ್ರವೇನು?

ನಮ್ಮ ರಾಜ್ಯವೂ ಇದಕ್ಕೆ ಹೊರತಲ್ಲ. 2018ರ ಜೂನ್ ತಿಂಗಳಲ್ಲಿ ಬಂಟ್ವಾಳ ತಾಲೂಕಿನ ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿಯಿತು. ಸೇತುವೆಯ ಬುಡದಲ್ಲೇ ನಡೆಯುತ್ತಿದ್ದ ಮರಳುಗಾರಿಕೆಯತ್ತ ಊರವರು ಬೆರಳು ತೋರಿಸಿದರು. 2024ರ ಆಗಸ್ಟ್ 7ರ ನಡುರಾತ್ರಿಯ ಬಳಿಕ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಲಾರಿಯೊಂದರ ಸಹಿತ ನೀರಿಗೆ ಬಿತ್ತು. ಚಾಲಕ ಬದುಕುಳಿದ. ಅದೇ ಸೇತುವೆ ಹಗಲಲ್ಲಿ, ಬಸ್ಸುಗಳು ಸಾಗುವ ವೇಳೆ ಕುಸಿದಿದ್ದರೆ?

ಸೇತುವೆಗಳು ಸಾಮಾನ್ಯವಾಗಿ ಮುನ್ಸೂಚನೆ ಕೊಡದೆ ಬೀಳುವುದಿಲ್ಲ. ಕರಾವಳಿಯ ಉಪ್ಪು ಗಾಳಿ ಕಾಂಕ್ರೀಟಿನೊಳಗೆ ಇಳಿದು ಸರಳನ್ನು ತಲುಪುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ, ತನ್ನನ್ನು ಹೊದ್ದಿರುವ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಮೊದಲು ಕೆಂಪು ಕಲೆ, ಬಳಿಕ ಸರಳಿನ ಗುಂಟ ಬಿರುಕು, ಆಮೇಲೆ ಉದುರುವ ಚಕ್ಕೆ. ನದಿಯ ಮರಳು ಬರಿದಾದಂತೆ ಕಂಬದ ಬುಡದ ಮಣ್ಣು ಜಾರುತ್ತದೆ. ಇವೆಲ್ಲ ವರ್ಷಗಟ್ಟಲೆ ಕಾಣಿಸುವ ಲಕ್ಷಣಗಳು. ನೋಡಬೇಕಾದವರು ನೋಡುವುದಿಲ್ಲ ಅಷ್ಟೆ. ಉದ್ಘಾಟನೆಗೆ ಕಲ್ಲು ನೆಡುವ ಜನಪ್ರತಿನಿಧಿಗಳಿಗೆ ತಪಾಸಣೆಯಲ್ಲಿ ಆಸಕ್ತಿ ಇಲ್ಲ, ಏಕೆಂದರೆ ತಪಾಸಣೆಗೆ ಶಿಲಾಫಲಕವಿಲ್ಲ, ಮತವೂ ಇಲ್ಲ. ಇರಾಕಿನ ದಾರಿಯಲ್ಲಿ ಹೇಸರಗತ್ತೆಯೊಂದು ಎಡವಿದರೂ ಆ ದಾರಿಯನ್ನು ಸರಿಪಡಿಸದಿದ್ದುದಕ್ಕೆ ತಾನು ಅಲ್ಲಾಹನಿಗೆ ಉತ್ತರಿಸಬೇಕಾದೀತೆಂದು ಖಲೀಫಾ ಉಮರ್ ಅಂಜುತ್ತಿದ್ದರೆಂಬುದನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆಡಳಿತಗಾರರನ್ನು ಆ ಅಳತೆಗೋಲಿನಿಂದ ಪ್ರಶ್ನಿಸುವುದು ನಮ್ಮ ಹಕ್ಕು.

ಆದರೆ ಅದೇ ಅಳತೆಗೋಲನ್ನು ನಮ್ಮ ಮನೆ, ಮಸೀದಿಗಳಿಗೆ ಹಿಡಿಯಲು ನಾವು ಸಿದ್ಧರಿದ್ದೇವೆಯೇ?

2019ರ ಮಾರ್ಚ್ 19ರಂದು ಧಾರವಾಡದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಸತ್ತರು. ಮೇಲೆ ಕಾಮಗಾರಿ ಸಾಗುತ್ತಿದ್ದಂತೆಯೇ ಕೆಳಗೆ ಅಂಗಡಿಗಳು ತೆರೆದಿದ್ದವು. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟಡ ನೆಲಕ್ಕುರುಳಿ 9 ಮಂದಿ ಪ್ರಾಣ ತೆತ್ತರು. ಅಲ್ಲಿ ಅನುಮತಿಗೆ ಮೀರಿ ಅಂತಸ್ತುಗಳನ್ನು ಏರಿಸಲಾಗಿತ್ತು. ಪರವಾನಿಗೆಯ ಕಾಗದದಲ್ಲಿರುವ ಅಂತಸ್ತಿನ ಸಂಖ್ಯೆ ಕೇವಲ ಸರಕಾರಿ ಕಿರಿಕಿರಿಯಲ್ಲ. ಅಡಿಪಾಯ ಎಷ್ಟು ಭಾರ ಹೊರಬಲ್ಲದು ಎಂಬ ಲೆಕ್ಕ ಅದರ ಹಿಂದಿರಬೇಕು. ಆ ಸಂಖ್ಯೆಯನ್ನು ಮೀರುವವನು ಆ ಲೆಕ್ಕವನ್ನೂ ಮೀರುತ್ತಾನೆ.

ನಮ್ಮ ಪಟ್ಟಣಗಳಲ್ಲಿ ನಡೆಯುತ್ತಿರುವುದೇನು? ಒಂದಂತಸ್ತಿಗೆಂದು ಹಾಕಿದ ಅಡಿಪಾಯದ ಮೇಲೆ, ಮಗ ಕೊಲ್ಲಿಯಿಂದ ಹಣ ಕಳುಹಿಸಿದಂತೆ ಎರಡನೆಯದು, ಮೂರನೆಯದು ಏರುತ್ತದೆ. ಅಂಗಡಿಗೆ ಜಾಗ ಸಾಲದೆಂದು ಕೆಳಗಿನ ಕಂಬವನ್ನೇ ಕೆತ್ತಲಾಗುತ್ತದೆ. ಕಾಂಕ್ರೀಟು ಸುಲಭವಾಗಿ ಹರಿಯಲೆಂದು ಅದಕ್ಕೆ ಅಳತೆಯಿಲ್ಲದೆ ನೀರು ಸುರಿಯಲಾಗುತ್ತದೆ, ಇದರಿಂದ ಅದರ ಬಲ ಕುಂದುತ್ತದೆ. ಕನಿಷ್ಠ 7 ದಿನ ತೇವದಲ್ಲಿಡಬೇಕಾದ ತಾರಸಿಗೆ ಎರಡೇ ದಿನ ನೀರುಣಿಸಿ ಬಿಡಲಾಗುತ್ತದೆ. ಬಿರುಕು ಕಂಡರೆ ಸಿಮೆಂಟು ಮೆತ್ತಿ ಬಣ್ಣ ಬಳಿಯಲಾಗುತ್ತದೆ.

ಅಲ್ಲಾಹನ ಭವನಗಳಿಗೂ ನಾವು ರಿಯಾಯಿತಿ ಕೊಟ್ಟಿಲ್ಲ. ಜುಮುಅಗೆ ಜಾಗ ಸಾಲದಾದಾಗ ಜಮಾಅತ್ ಸಭೆ ಸೇರುತ್ತದೆ. ಮಿನಾರದ ಎತ್ತರ, ಗುಂಬದದ ಬಣ್ಣ, ಅಮೃತಶಿಲೆಯ ದರ ಎಲ್ಲವೂ ಚರ್ಚೆಯಾಗುತ್ತವೆ. ಹಳೆಯ ಗೋಡೆ ಮತ್ತು ಅಡಿಪಾಯ ಇದನ್ನೆಲ್ಲ ತಾಳಿಕೊಂಡೀತೇ ಎಂದು ಕೇಳುವವರು ವಿರಳ. ಸಾವಿರ ಲೀಟರ್ ನೀರಿನ ತೂಕ ಒಂದು ಟನ್. ವುಝೂವಿಗಾಗಿ ತಾರಸಿಯಲ್ಲಿ ಹತ್ತು ಸಾವಿರ ಲೀಟರಿನ ಟ್ಯಾಂಕ್ ಇರಿಸಿದರೆ ಹತ್ತು ಟನ್ ಭಾರವನ್ನು ನಮಾಝಿಗಳ ನೆತ್ತಿಯ ಮೇಲೆ ಇರಿಸಿದಂತಾಯಿತು. ಇಷ್ಟಾದರೂ ಇಂಜಿನಿಯರನ್ನು ಕರೆಸಲು ತಗಲುವ ಮೊತ್ತ ದುಂದುವೆಚ್ಚವೆನಿಸುತ್ತದೆ, ಝೂಮರಿನ ವೆಚ್ಚ ಪುಣ್ಯವೆನಿಸುತ್ತದೆ.

ತವಕ್ಕುಲ್ ಎಂದರೆ ಇದಲ್ಲ. ಒಂಟೆಯನ್ನು ಕಟ್ಟಿದ ಬಳಿಕವಷ್ಟೇ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬುದನ್ನು ಮದ್ರಸದ ಮಕ್ಕಳೂ ಬಲ್ಲರು. ಮಸೀದಿ ಸಮಿತಿಯ ಕೈಯಲ್ಲಿರುವುದು ಹಣದ ಅಮಾನತು ಮಾತ್ರವಲ್ಲ, ಸಜ್ದಾದಲ್ಲಿ ತಲೆಯಿರಿಸಿದ ನೂರಾರು ಜನರ ಪ್ರಾಣದ ಅಮಾನತೂ ಹೌದು. ಚಂದಾದ ಲೆಕ್ಕವನ್ನು ಸೂಚನಾ ಫಲಕದಲ್ಲಿ ಪ್ರಕಟಿಸುವ ಸಮಿತಿಗಳು, ಕಟ್ಟಡ ತಪಾಸಣೆಯ ವರದಿಯನ್ನೂ ಅಲ್ಲೇ ಪ್ರಕಟಿಸಲಿ. ಮೇಲಂತಸ್ತು ಕಟ್ಟುವ ಮುನ್ನ ಅರ್ಹ ಸ್ಟ್ರಕ್ಚರಲ್ ಇಂಜಿನಿಯರರ ಲಿಖಿತ ಅಭಿಪ್ರಾಯವನ್ನು ಕಡ್ಡಾಯಗೊಳಿಸಲಿ. ಕಂಬ ಅಥವಾ ತೊಲೆಯಲ್ಲಿ ಓರೆ ಬಿರುಕು ಕಂಡ ದಿನವೇ ಆ ಭಾಗವನ್ನು ತೆರವುಗೊಳಿಸಿ ತಜ್ಞರನ್ನು ಕರೆಯಲಿ. ಸಮುದಾಯದಲ್ಲಿ ಇಂದು ಇಂಜಿನಿಯರಿಂಗ್ ಪದವಿ ಪಡೆದ ಯುವಕ ಯುವತಿಯರಿದ್ದಾರೆ. ಅವರನ್ನು ಸನ್ಮಾನದ ವೇದಿಕೆಗೆ ಕರೆದು ಶಾಲು ಹೊದಿಸಿ ಕಳುಹಿಸುವ ಬದಲು, ಮಸೀದಿಯ ತಾರಸಿಗೆ ಕರೆದೊಯ್ದು ಅವರ ಅಭಿಪ್ರಾಯ ಕೇಳೋಣ.

ಸೇತುವೆಗಾಗಿ ಸರಕಾರವನ್ನು ಪ್ರಶ್ನಿಸುವ ನೈತಿಕ ಬಲ, ತನ್ನ ಮನೆಯ ಕಂಬವನ್ನು ಪರೀಕ್ಷಿಸಿಕೊಂಡವನಿಗೆ ಹೆಚ್ಚು ಇರುತ್ತದೆ. ಮುಂದಿನ ಜುಮುಅದ ನಮಾಝಿನ ಬಳಿಕ ಒಮ್ಮೆ ತಲೆಯೆತ್ತಿ ತಾರಸಿಯನ್ನು ನೋಡಿರಿ.